ಬೇಸ್ ಗಿಟಾರ್: ನಾದ ಹುಟ್ಟುವುದು ಎಲ್ಲಿ?

ಬೇಸ್ ಗಿಟಾರ್ ಮಂದ್ರ ಸ್ವರಗಳಿಗೆಂದೇ ರೂಪಿಸಿದ ವಿದ್ಯುತ್ ತಂತಿವಾದ್ಯ. ತಾಳ ಹಿಡಿಯುವ ಡ್ರಮ್ಸ್‌ಗೂ ರಾಗ ನಡೆಸುವ ಉಳಿದ ವಾದ್ಯಗಳಿಗೂ ನಡುವೆ ನಿಂತು ಎರಡನ್ನೂ ಬೆಸೆಯುವುದು ಅದರ ಕೆಲಸ. ನಾದ ಚೆನ್ನಾಗಿಲ್ಲ ಎನಿಸಿದಾಗ ಕಲಿಯುವವರು ಮೊದಲು ಆಂಪ್ಲಿಫೈಯರ್‌ನ ಗುಂಡಿ ತಿರುಗಿಸುತ್ತಾರೆ. ಆದರೆ ದೋಷ ಹೆಚ್ಚಿನ ಸಲ ಇರುವುದು ಗುಂಡಿಗಿಂತ ಮೊದಲೇ, ತಂತಿ ಮುಟ್ಟುವ ಬೆರಳಲ್ಲಿ.

ಹಿನ್ನೆಲೆ

ಮೊದಲು ಈ ಕೆಲಸ ಆಳೆತ್ತರದ ಡಬಲ್ ಬೇಸ್‌ನದಾಗಿತ್ತು. ಅದನ್ನು ಸಾಗಿಸುವುದು ಕಷ್ಟ. ವಾದ್ಯವೃಂದದ ಅಬ್ಬರದಲ್ಲಿ ಅದರ ದನಿ ಕೇಳಿಸುವುದು ಇನ್ನೂ ಕಷ್ಟ. ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟಟ್‌ಮಾರ್ಕ್ 1930ರ ದಶಕದಲ್ಲೇ ವಿದ್ಯುತ್ ಬೇಸ್ ತಯಾರಿಸಿದ್ದರೂ ಅದು ಹರಡಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ‘ಪ್ರಿಸಿಷನ್ ಬೇಸ್’ ತಂದರು. ಫ್ರೆಟ್‌ಗಳಿರುವುದರಿಂದ ಸ್ವರ ನಿಖರವಾಗಿ ಸಿಗುತ್ತದೆ ಎಂಬುದೇ ಆ ಹೆಸರಿನ ಅರ್ಥ. 1960ರಲ್ಲಿ ಎರಡು ಪಿಕಪ್‌ಗಳ ‘ಜಾಝ್ ಬೇಸ್’ ಬಂತು. ಎರಡರಲ್ಲೂ ನಟ್‌ನಿಂದ ಬ್ರಿಜ್‌ವರೆಗಿನ ತಂತಿಯ ಉದ್ದ 34 ಇಂಚು. ಇಂದಿಗೂ ಬಹುಪಾಲು ಬೇಸ್‌ಗಳ ಅಳತೆ ಇದೇ.

ಶ್ರುತಿ ಮತ್ತು ಕಂಪನ

ನಾಲ್ಕು ತಂತಿಗಳನ್ನು ದಪ್ಪದಿಂದ ತೆಳುವಿನ ಕಡೆಗೆ ಇ, ಎ, ಡಿ, ಜಿ ಸ್ವರಗಳಿಗೆ ಕೂಡಿಸುತ್ತಾರೆ. ಇ ತಂತಿ ಸೆಕೆಂಡಿಗೆ ಸುಮಾರು 41 ಸಲ, ಜಿ ತಂತಿ 98 ಸಲ ಕಂಪಿಸುತ್ತದೆ. 41 ಹರ್ಟ್ಸ್ ಮೊಬೈಲ್‌ನ ಪುಟ್ಟ ಸ್ಪೀಕರ್‌ನಿಂದ ಹೊರಡುವುದೇ ಇಲ್ಲ. ಆದರೂ ನಮಗೆ ಆ ಸ್ವರ ಗೊತ್ತಾಗುವುದು ಅದರ ದುಪ್ಪಟ್ಟು, ಮುಪ್ಪಟ್ಟು ಕಂಪನಗಳ ಉಪಸ್ವರಗಳಿಂದ. ಅವನ್ನು ಕೇಳಿ ಮಿದುಳು ತಳದ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಬೇಸ್‌ನ ಸ್ಪಷ್ಟತೆ ಇರುವುದು ಈ ಉಪಸ್ವರಗಳಲ್ಲೇ.

ಬಲಗೈ

ತೋರುಬೆರಳು, ನಡುಬೆರಳುಗಳನ್ನು ಒಂದಾದ ಮೇಲೊಂದರಂತೆ ಬಳಸುವುದು ರೂಢಿ. ಮೀಟಿದ ಬೆರಳು ಪಕ್ಕದ ದಪ್ಪ ತಂತಿಗೆ ಬಂದು ಒರಗಿದರೆ ಅದರ ಸದ್ದೂ ಅಡಗುತ್ತದೆ. ಬ್ರಿಜ್‌ನ ಹತ್ತಿರ ಮೀಟಿದರೆ ಉಪಸ್ವರಗಳು ಹೆಚ್ಚಿ ನಾದ ಬಿಗಿಯಾಗಿ, ಚುರುಕಾಗಿ ಬರುತ್ತದೆ. ನೆಕ್‌ನ ಕಡೆ ಸರಿದರೆ ಗುಂಡಗೆ, ಮೆತ್ತಗೆ. ಜೋರಾಗಿ ಎಳೆದರೆ ತಂತಿ ಫ್ರೆಟ್‌ಗೆ ಬಡಿದು ಕಟಕಟ ಎನ್ನುತ್ತದೆ. ಹಗುರವಾಗಿ ಮೀಟಿ, ಬೇಕಾದ ಸದ್ದನ್ನು ಆಂಪ್ಲಿಫೈಯರ್‌ನಿಂದ ಪಡೆಯುವುದು ಮೇಲು.

ಎಡಗೈ

ಬೆರಳನ್ನು ಫ್ರೆಟ್ ಪಟ್ಟಿಯ ಮೇಲಲ್ಲ, ಅದಕ್ಕೆ ತಾಗಿದಂತೆ ಹಿಂದೆ ಒತ್ತಬೇಕು. ಕಡಿಮೆ ಬಲದಲ್ಲಿ ಸ್ವರ ಶುದ್ಧವಾಗಿ ಬರುತ್ತದೆ. ಒಂದೇ ಸ್ವರ ಹಲವು ಕಡೆ ಸಿಗುತ್ತದೆ ಎಂಬುದೂ ನೆನಪಿರಲಿ. ಡಿ ತಂತಿಯನ್ನು ಒತ್ತದೆ ಮೀಟಿ. ಅದೇ ಸ್ವರವನ್ನು ಎ ತಂತಿಯ 5ನೇ ಫ್ರೆಟ್‌ನಲ್ಲಿ, ಬಳಿಕ ಇ ತಂತಿಯ 10ನೇ ಫ್ರೆಟ್‌ನಲ್ಲಿ ನುಡಿಸಿ. ಸ್ವರ ಬದಲಾಗದು, ಬಣ್ಣ ಬದಲಾಗುತ್ತದೆ: ತಂತಿ ದಪ್ಪವಾದಷ್ಟೂ ನಾದ ಮಂಕಾಗಿ, ಭಾರವಾಗಿ ಕೇಳುತ್ತದೆ.

ಮೂವರು, ಮೂರು ನಾದ

ಡೆಟ್ರಾಯಿಟ್‌ನ ಮೋಟೌನ್ ಹಾಡುಗಳಿಗೆ ನುಡಿಸಿದ ಜೇಮ್ಸ್ ಜೇಮರ್ಸನ್ ಬಲಗೈಯ ತೋರುಬೆರಳೊಂದನ್ನೇ ಬಳಸುತ್ತಿದ್ದರು. ನುಣುಪಾದ ಚಪ್ಪಟೆ ಸುತ್ತಿನ ತಂತಿ, ಬ್ರಿಜ್‌ನ ಬಳಿ ತಂತಿಗೆ ಒತ್ತಿದ ಫೋಮ್, ಇವುಗಳಿಂದ ಅವರ ಸ್ವರ ಗಟ್ಟಿಯಾಗಿ ಹುಟ್ಟಿ ಬೇಗ ಅಡಗುತ್ತಿತ್ತು. ಲ್ಯಾರಿ ಗ್ರಹಾಂ ತಾಯಿಯೊಂದಿಗೆ ನುಡಿಸುವಾಗ ಡ್ರಮ್ಸ್‌ನವರಿಲ್ಲದ ಕೊರತೆ ನೀಗಲು ಹೆಬ್ಬೆರಳಿಂದ ತಂತಿಗೆ ಗುದ್ದಿ, ತೋರುಬೆರಳಿಂದ ಎಳೆದು ಬಿಟ್ಟರು. ‘ಸ್ಲ್ಯಾಪ್’ ಶೈಲಿ ಬೆಳೆದದ್ದು ಹೀಗೆ. ಜಾಕೋ ಪಾಸ್ಟೋರಿಯಸ್ ಫ್ರೆಟ್ ತೆಗೆದ ಜಾಝ್ ಬೇಸ್‌ನಲ್ಲಿ, ಬ್ರಿಜ್‌ನ ಹತ್ತಿರ ಮೀಟುತ್ತ, ಹಾಡುವ ದನಿಯಂಥ ನಾದ ತೆಗೆದರು. 1976ರ ಅವರ ಮೊದಲ ಆಲ್ಬಮ್ ಅದಕ್ಕೆ ಸಾಕ್ಷಿ.

ತಂತಿ ಮತ್ತು ಸೆಟಪ್

ದುಂಡು ಸುತ್ತಿನ ತಂತಿ ಹೊಳಪಿನ ನಾದ ಕೊಡುತ್ತದೆ; ಬೆವರು, ಕೊಳೆ ಕೂತಂತೆ ಆ ಹೊಳಪು ಮಾಸುತ್ತದೆ. ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಲ್ಲಿ ಒರೆಸುವುದು ಒಳ್ಳೆಯದು. ಕರಾವಳಿಯ ಉಪ್ಪುಗಾಳಿಯಲ್ಲಂತೂ ಬಿಡುವಂತಿಲ್ಲ. ಶ್ರುತಿ ಕೂಡಿಸಿದ ಮೇಲೂ ಮೇಲಿನ ಫ್ರೆಟ್‌ಗಳಲ್ಲಿ ಅಪಸ್ವರ ಬರುತ್ತಿದ್ದರೆ 12ನೇ ಫ್ರೆಟ್‌ನಲ್ಲಿ ಪರೀಕ್ಷಿಸಿ. ಅಲ್ಲಿ ತಂತಿಯನ್ನು ಬರೀ ಮುಟ್ಟಿ ಹೊರಡಿಸಿದ ಹಾರ್ಮೋನಿಕ್‌ಗಿಂತ ಒತ್ತಿದ ಸ್ವರ ಏರಿದ್ದರೆ, ಬ್ರಿಜ್‌ನ ಸ್ಯಾಡಲ್ ಅನ್ನು ತುಸು ಹಿಂದಕ್ಕೆ ಸರಿಸಬೇಕು. ಪಿಕಪ್ ತಂತಿಗೆ ತೀರ ಹತ್ತಿರವಿದ್ದರೆ ಅಯಸ್ಕಾಂತ ತಂತಿಯನ್ನು ಸೆಳೆದು ಸ್ವರ ಕದಲುತ್ತದೆ. ಒಳಗೆ 9 ವೋಲ್ಟ್ ಬ್ಯಾಟರಿ ಇರುವ ಬೇಸ್‌ಗಳಲ್ಲಿ ಸಾಮಾನ್ಯವಾಗಿ ಕೇಬಲ್ ಚುಚ್ಚಿದರೆ ಬ್ಯಾಟರಿ ಚಾಲೂ ಆಗುತ್ತದೆ. ನುಡಿಸಿ ಮುಗಿದೊಡನೆ ಕೇಬಲ್ ಕಿತ್ತಿಡಿ.

ಆಂಪ್ಲಿಫೈಯರ್

ಮಾಮೂಲಿ ಗಿಟಾರ್ ಆಂಪ್‌ನಲ್ಲಿ ಬೇಸ್ ಅನ್ನು ಜೋರಾಗಿ ನುಡಿಸಿದರೆ ಸ್ಪೀಕರ್ ಕೆಡಬಹುದು. ಬೇಸ್ ಆಂಪ್‌ನಲ್ಲಿ ಎಲ್ಲ ಗುಂಡಿಗಳನ್ನೂ ನಡುವಿಗೆ ತಂದು ಶುರುಮಾಡಿ. ನಾದ ಕಲಸಿದಂತಿದ್ದರೆ 200ರಿಂದ 300 ಹರ್ಟ್ಸ್ ಆಸುಪಾಸನ್ನು ತಗ್ಗಿಸಿ. ಬೆರಳಿನ ಸ್ಪಷ್ಟತೆ ಬೇಕಿದ್ದರೆ 700ರಿಂದ 1000 ಹರ್ಟ್ಸ್ ನಡುವೆ ತುಸು ಏರಿಸಿ. ಕೋಣೆಯಲ್ಲಿ ಒಬ್ಬರೇ ಕೂತಾಗ ಹಿತವೆನಿಸುವ ಭಾರೀ ತಳದನಿ ತಂಡದ ನಡುವೆ ಕಿಕ್ ಡ್ರಮ್‌ನಲ್ಲಿ ಮುಳುಗಿಹೋಗುತ್ತದೆ. ಹಾಗಾಗಿ ಗುಂಡಿಯ ಕೊನೆಯ ತೀರ್ಮಾನ ತಂಡದ ಜತೆಗೇ ಆಗಲಿ.

ಅಭ್ಯಾಸ

ಇಳಯರಾಜ ಸಂಗೀತ ನೀಡಿದ ‘ಗೀತಾ’ (1981) ಚಿತ್ರದ ಹಾಡುಗಳನ್ನು ಹೆಡ್‌ಫೋನ್ ಹಾಕಿಕೊಂಡು, ಗಾಯಕರನ್ನು ಬಿಟ್ಟು ತಳದ ಸ್ವರಗಳನ್ನಷ್ಟೇ ಹಿಂಬಾಲಿಸಿ ಕೇಳಿ, ಕಿವಿ ಪಳಗುತ್ತದೆ. ಲಯಕ್ಕೆ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ಆ ಟಿಕ್ ಅನ್ನು ನಾಲ್ಕು ಎಣಿಕೆಯ ಎರಡು ಮತ್ತು ನಾಲ್ಕನೆಯದಾಗಿ ಭಾವಿಸಿ ನುಡಿಸಿ. ಒಂದು, ಮೂರನ್ನು ನೀವೇ ಹಿಡಿಯಬೇಕಾಗುತ್ತದೆ.

ಕಡೆಗೆ ಒಂದು ಪ್ರಯೋಗ. ಕಿಕ್ ಡ್ರಮ್‌ನೊಂದಿಗೆ ಒಂದು ಸ್ವರ ಶುರುಮಾಡಿ, ಸ್ನೇರ್ ಬೀಳುವ ಹೊತ್ತಿಗೆ ಎಡಗೈಯ ಒತ್ತು ಸಡಿಲಿಸಿ ನಿಲ್ಲಿಸಿ. ಮರುಸಲ ಅದೇ ಸ್ವರವನ್ನು ಸ್ನೇರ್ ದಾಟಿಸಿ ಎಳೆಯಿರಿ. ಎರಡನ್ನೂ ಮೊಬೈಲ್‌ನಲ್ಲಿ ಮುದ್ರಿಸಿ ಕೇಳಿ. ಮೊದಲನೆಯದರಲ್ಲಿ ಹಾಡು ಹೆಜ್ಜೆ ಹಾಕುತ್ತದೆ, ಎರಡನೆಯದರಲ್ಲಿ ತೇಲುತ್ತದೆ. ಗಿಟಾರ್ ಅದೇ, ಸ್ವರ ಅದೇ, ಗುಂಡಿ ಯಾರೂ ಮುಟ್ಟಿಲ್ಲ.