ಇಸಿಲದ ನಾಡಿನ ಪಥ್ಯ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲ ಬಲ್ಲರು. ಇಲ್ಲಿಯೂ ನೆರೆಯ ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ ಇರುವ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯ ಆರ್ಯಪುತ್ರನ ಮೂಲಕ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆ ಅದು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಇಲ್ಲಿ ಅಗೆಸಿದಾಗ ಶಾಸನಕ್ಕೂ ಬಹಳ ಹಿಂದಿನ ಜನರ ನುಣುಪಾದ ಕಲ್ಲುಕೊಡಲಿಗಳೂ ಮಡಕೆಗಳೂ ದೊರೆತವು. ಅರಸರ ಮಾತನ್ನು ಶಾಸನ ಹೇಳಿತು, ಆಯುಧದ ಮಾತನ್ನು ಕಲ್ಲು ಹೇಳಿತು. ಆ ಜನ ಉಣ್ಣುತ್ತಿದ್ದುದೇನು? ಈ ಪ್ರಶ್ನೆ ನನ್ನನ್ನು ಹಿಡಿದದ್ದು ಪಾಂಡಿತ್ಯದ ಆಸೆಯಿಂದಲ್ಲ.

ಕಳೆದ ವರ್ಷ ವೈದ್ಯರು ನನ್ನ ರಕ್ತಪರೀಕ್ಷೆಯ ಚೀಟಿ ನೋಡಿ ಎರಡನೆಯ ಬಗೆಯ ಮಧುಮೇಹವೆಂದರು. ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ 7.8 ಇತ್ತು, 6.5 ಮುಟ್ಟಿದರೆ ಮಧುಮೇಹವೆಂದು ಲೆಕ್ಕ. ನನ್ನ ತಂದೆಯವರಿಗೂ ಇದೇ ಇತ್ತು. ಹೆಬ್ಬೆರಳಿನ ಒಂದು ಹುಣ್ಣಿನಿಂದ ಮೊದಲಾಗಿ ಮೊಣಕಾಲಿನವರೆಗೆ ಕಾಲು ತೆಗೆಸಬೇಕಾಗಿ ಬಂದುದನ್ನು ಕಂಡ ಮನೆ ನಮ್ಮದು. ಆದ್ದರಿಂದ ಆ ಚೀಟಿಯ ಅರ್ಥ ನನಗಿಂತ ಮೊದಲು ನನ್ನ ಮನೆಯಾಕೆಗೆ ಆಯಿತು. ವೈದ್ಯರು ಬರೆದುಕೊಟ್ಟ ಮಾತ್ರೆ ಒಂದೇ, ಹೇಳಿದ ಮಾತುಗಳು ಹಲವು: ಅನ್ನ ಕಡಿಮೆ ಮಾಡಿ, ನವಣೆ, ಸಾಮೆ, ಹುರುಳಿ ಬಳಸಿ, ದಿನವೂ ನಡೆಯಿರಿ, ತೂಕ ಇಳಿಸಿ.

ಮಾತು ಹೊಸದೇನಲ್ಲ. ಸುಶ್ರುತಸಂಹಿತೆಯು ಪ್ರಮೇಹವನ್ನು ಹುಟ್ಟಿನೊಡನೆ ಬಂದದ್ದು, ಅಪಥ್ಯದಿಂದ ಬಂದದ್ದು ಎಂದು ಎರಡಾಗಿ ಹೇಳುತ್ತದೆ. ಇಂದಿನ ವೈದ್ಯರು ಹೇಳುವ ಎರಡು ಬಗೆಗಳೇ ಇವು ಎಂದು ಸಾರುವ ಉತ್ಸಾಹ ನನಗಿಲ್ಲ. ಆದರೆ ಚಿಕಿತ್ಸೆಯ ಸ್ವಾರಸ್ಯ ನೋಡಿ. ಬಡವನಾದರೆ ಕೊಡೆ ಕೆರಗಳಿಲ್ಲದೆ, ಭಿಕ್ಷಾನ್ನವುಂಡು, ಊರಿಗೊಂದೇ ರಾತ್ರಿ ತಂಗುತ್ತ ನೂರು ಯೋಜನ ನಡೆಯಬೇಕು. ಉಳ್ಳವನಾದರೆ ಶ್ಯಾಮಾಕ, ನೀವಾರಗಳನ್ನು ತಿಂದು ಜಿಂಕೆಗಳ ಜೊತೆಯಲ್ಲಿ ವಾಸಮಾಡಬೇಕು. ಉಳುವುದು, ಬಾವಿ ತೋಡುವುದು ಕೂಡ ಔಷಧವೇ. ಚರಕನಿಗೆ ಜವೆಗೋಧಿಯೇ ಪ್ರಮೇಹಿಯ ಮುಖ್ಯ ಆಹಾರ. ಹಣವಂತನಿಗೆ ಬಡವನ ಊಟ, ಕುಳಿತವನಿಗೆ ಕೂಲಿಯವನ ಕೆಲಸ. ಚಿಕಿತ್ಸೆಯ ತಿರುಳು ಇಷ್ಟೆ.

ಇನ್ನು ನಮ್ಮ ಸೀಮೆಯ ಊಟ. ಮಣ್ಣನ್ನು ನೀರಿನಲ್ಲಿ ತೇಲಿಸಿ ಕರಿಕಾದ ಕಾಳುಗಳನ್ನು ಹೆಕ್ಕುವ ಪದ್ಧತಿ ವ್ಹೀಲರ್ ಅಗೆಸಿದ ದಿನಗಳಲ್ಲಿ ಬಳಕೆಗೆ ಬಂದಿರಲಿಲ್ಲ. ಆ ಕೆಲಸವನ್ನು ಅನಂತರ ಡೋರಿಯನ್ ಫುಲ್ಲರ್ ಮೊದಲಾದವರು ಬ್ರಹ್ಮಗಿರಿಯಂಥವೇ ಆದ ನವಶಿಲಾಯುಗದ ನೆಲೆಗಳಲ್ಲಿ ಮಾಡಿದರು. ಬಳ್ಳಾರಿಯ ಬಳಿಯ ಸಂಗನಕಲ್ಲು ಅವುಗಳಲ್ಲಿ ಒಂದು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ಆ ಮಣ್ಣಿನಲ್ಲಿ ಎದ್ದುಕಂಡ ಕಾಳುಗಳು ಕೊರಲೆ, ನವಣೆಯ ಬಳಗದ ಒಂದು ಹುಲ್ಲಿನ ಧಾನ್ಯ, ಹುರುಳಿ, ಹೆಸರು. ರಾಗಿ ಆಮೇಲೆ ಆಫ್ರಿಕದಿಂದ ಬಂದ ನೆಂಟ. ಈ ಪಟ್ಟಿಯನ್ನೂ ವೈದ್ಯರ ಮಾತನ್ನೂ ಪಕ್ಕಪಕ್ಕದಲ್ಲಿಟ್ಟಾಗ ನನಗೆ ನಗು ಬಂತು. ಹಾಗೆಂದು ಕೊರಲೆಯುಂಡವರಿಗೆ ಈ ರೋಗವೇ ಇರಲಿಲ್ಲವೆನ್ನಲು ಯಾವ ಕಾಳೂ ಸಾಕ್ಷಿ ನುಡಿಯದು. ದನಗಳ ಹಿಂದೆ ದಿನವೆಲ್ಲ ತಿರುಗಿದವರು ಅವರು. ನಾನೋ ಕುರ್ಚಿಯ ಮನುಷ್ಯ.

ಈ ಧಾನ್ಯಗಳು ನಮ್ಮ ತಟ್ಟೆಯಿಂದ ಜಾರಿದ್ದೇಕೆ? ಕನಕದಾಸರ ರಾಮಧಾನ್ಯಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ಜಗಳ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಪರೀಕ್ಷಿಸಿದಾಗ ಗೆದ್ದದ್ದು ರಾಗಿ. ಕಾವ್ಯದಲ್ಲಿ ಸೋತ ಭತ್ತ ಪಂಕ್ತಿಯಲ್ಲಿ ಗೆದ್ದಿತು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಅನ್ನವೆಂದರೆ ಹಿಂದೆ ಹಬ್ಬದ ಊಟ. ಹೊಲಕ್ಕೆ ಶೇಂಗಾ ಬಂತು, ಚಳ್ಳಕೆರೆ ಎಣ್ಣೆ ಗಿರಣಿಗಳ ಊರಾಯಿತು. ಪಡಿತರದ ಅಂಗಡಿಗೆ ಅಕ್ಕಿ ಬಂತು. 2013ರ ಅನ್ನಭಾಗ್ಯದಿಂದ ಅದು ಬಡವನ ಮನೆಯನ್ನೂ ತುಂಬಿತು. ಹಸಿದವನ ಅನ್ನವನ್ನು ಹೊಟ್ಟೆ ತುಂಬಿದವನು ಹಳಿಯುವುದು ಸಲ್ಲದು. ಇನ್ನೊಂದು ಕಾರಣವನ್ನು ಸಿರಿಧಾನ್ಯದ ಭಾಷಣಕಾರರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನವಣೆ, ಸಾಮೆ, ಕೊರಲೆಗಳ ಸಿಪ್ಪೆ ಗಟ್ಟಿ. ಬೆಳಗಿನ ಜಾವ ಎದ್ದು ಒನಕೆ ಹಿಡಿದು ಅವನ್ನು ಕುಟ್ಟಿದವರು ಹೆಂಗಸರು. ಒನಕೆ ಮೂಲೆ ಸೇರಿದ ದಿನ ನನ್ನ ಅಜ್ಜಿ ಅತ್ತಿರಲಾರಳು.

ಪಥ್ಯ, ನಡಿಗೆಗಳ ಬಲವನ್ನು ಈಗ ಅಳೆದೂ ನೋಡಿದ್ದಾರೆ. ಮಧುಮೇಹದ ಅಂಚಿನಲ್ಲಿದ್ದವರಿಗೆ ಊಟ, ವ್ಯಾಯಾಮಗಳ ತಿಳಿವಳಿಕೆ ಕೊಟ್ಟು ಮದರಾಸಿನ ವೈದ್ಯರು ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ರೋಗಕ್ಕೆ ತುತ್ತಾಗುವ ಸಂಭವ ಶೇಕಡ 28.5ರಷ್ಟು ತಗ್ಗಿತ್ತು. ಬ್ರಿಟನ್ನಿನಲ್ಲಿ ರೋಗ ಬಂದು ಆರು ವರ್ಷ ಮೀರದವರಿಗೆ ಮೂರರಿಂದ ಐದು ತಿಂಗಳು, ದಿನಕ್ಕೆ ಸುಮಾರು 850 ಕ್ಯಾಲೊರಿಯಷ್ಟೇ ಆಹಾರ ಕೊಟ್ಟು, ವೈದ್ಯರ ಕಣ್ಣೆದುರಿನಲ್ಲೇ ತೂಕ ಇಳಿಸಿದರು. ವರ್ಷದ ಕೊನೆಗೆ ಅವರಲ್ಲಿ ಶೇಕಡ 46 ಮಂದಿಗೆ ಔಷಧವಿಲ್ಲದೆಯೇ ಸಕ್ಕರೆ ಮಧುಮೇಹದ ಮಟ್ಟಕ್ಕಿಂತ ಕೆಳಗಿತ್ತು. ಇದು 2017ರ ಸುದ್ದಿ. ಯಕೃತ್ತಿನಲ್ಲಿಯೂ ಮೇದೋಜೀರಕದಲ್ಲಿಯೂ ಕೂಡಿದ ಕೊಬ್ಬು ಕರಗಿದರೆ ಇನ್ಸುಲಿನ್ನಿನ ಕೆಲಸ ಸುಗಮವಾಗುತ್ತದೆಂದು ಅವರ ವಿವರಣೆ. ನಮ್ಮ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಅಂದಾಜು ಮಾಡಿತು. ನಾನು ಒಂಟಿಯಲ್ಲ!

ಬ್ರಹ್ಮಗಿರಿಯ ಶಾಸನದಲ್ಲಿ ‘ಪಕಮ’ ಎಂಬ ಮಾತೊಂದಿದೆ. ಸಂಸ್ಕೃತದ ಪ್ರಕ್ರಮ, ಎಂದರೆ ಉದ್ಯೋಗ, ಪ್ರಯತ್ನ. ಉಪಾಸಕನಾದ ಮೇಲೂ ಮೊದಲ ಒಂದು ವರ್ಷ ತಾನು ಹೆಚ್ಚು ಪ್ರಯತ್ನಿಸಲಿಲ್ಲವೆಂದು ಚಕ್ರವರ್ತಿ ಅಲ್ಲಿ ಹೇಳಿಕೊಳ್ಳುತ್ತಾನೆ; ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ದಕ್ಕುತ್ತದೆಂದು ಅವನ ಅಭಿಪ್ರಾಯ. ಅವನ ಮಾತು ಧರ್ಮವನ್ನು ಕುರಿತದ್ದು, ಸಕ್ಕರೆಯನ್ನಲ್ಲ. ಆದರೂ ಬೆಳಗಿನ ಐದೂವರೆಗೆ ಎದ್ದು ಚಪ್ಪಲಿ ಮೆಟ್ಟುವಾಗ ನನಗೆ ನೆನಪಾಗುವ ಶಬ್ದ ಅದೇ.

ಆರು ತಿಂಗಳಲ್ಲಿ ತೂಕ 81 ಕಿಲೋದಿಂದ 74ಕ್ಕೆ ಬಂತು, ಎಚ್‌ಬಿಎ1ಸಿ 6.4ಕ್ಕೆ ಇಳಿಯಿತು. ಮಾತ್ರೆ ಇನ್ನೂ ಇದೆ. ಅದನ್ನು ಬಿಡಿಸುವ ಅಧಿಕಾರ ವೈದ್ಯರದು, ನೆರೆಮನೆಯವರದಲ್ಲ. ನವಣೆಯೂ ಧಾನ್ಯವೇ; ಅನ್ನದಷ್ಟೇ ರಾಶಿ ಹಾಕಿಕೊಂಡರೆ, ಇಲ್ಲವೇ ಹಿಟ್ಟು ಮಾಡಿ ಗಂಜಿ ಕುಡಿದರೆ, ಸಕ್ಕರೆ ಏರಿಯೇ ಏರುತ್ತದೆ. ತಟ್ಟೆಯ ಅರ್ಧಕ್ಕೆ ಸೊಪ್ಪು ತರಕಾರಿ, ಜೊತೆಗೆ ಹುರುಳಿಯ ಸಾರು, ಊಟವಾದ ಮೇಲೆ ಕಾಲು ಗಂಟೆ ನಡಿಗೆ: ನಮ್ಮ ಮನೆಯ ಕ್ರಮ ಇದು. ಕೊರಲೆಯನ್ನು ಯಂತ್ರದಲ್ಲಿ ಸಿಪ್ಪೆ ಬಿಡಿಸಿ ಅಂಗಡಿಯಲ್ಲಿ ಮಾರುತ್ತಾರೆ. ಬೆಲೆ ಅಕ್ಕಿಗಿಂತ ಹೆಚ್ಚು. ಅದರಲ್ಲಿ ಕಲ್ಲು ಆರಿಸುವ ಕೆಲಸ ಮಾತ್ರ ಭಾನುವಾರಗಳಂದು ನನ್ನ ಪಾಲಿಗೆ ಬಂದಿದೆ.