ಗೋಡೆ ಉಳಿಯಿತು, ಹೆಸರು ಅಳಿಯಿತು

ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ನ್ಯಾಯಸ್ಥಾನದ ಮೆಟ್ಟಿಲೇರುವುದು ನಮಗೆ ಹೊಸ ಸಂಗತಿಯಲ್ಲ. ಫ್ರಾನ್ಸ್ ದೇಶದ ದ್ರಾಕ್ಷಿತೋಟಗಳ ಚರಿತ್ರೆಯೂ ಬಹುಮಟ್ಟಿಗೆ ಬದುವಿನ ಚರಿತ್ರೆಯೇ. ತೋಟದ ಹೆಸರು ಮಣ್ಣಿಗೆ ಸೇರಿದ್ದೋ, ಒಡೆತನಕ್ಕೆ ಸೇರಿದ್ದೋ ಎಂಬ ಪ್ರಶ್ನೆಗೆ ಅಲ್ಲಿಯ ಎರಡು ಸೀಮೆಗಳು ಎರಡು ಬಗೆಯ ಉತ್ತರವನ್ನು ಕೊಟ್ಟಿವೆ.

ದೇಶದ ಪೂರ್ವಭಾಗದಲ್ಲಿರುವ ಬರ್ಗಂಡಿಯನ್ನು ಮೊದಲು ನೋಡೋಣ. 1098ರಲ್ಲಿ ಸ್ಥಾಪನೆಗೊಂಡ ಸೀತೋ ಮಠದ ಸಂನ್ಯಾಸಿಗಳು ಮುಂದಿನ ಶತಮಾನದಲ್ಲಿ ವೂಜೋ ಎಂಬಲ್ಲಿ ಭೂಮಿ ಕೂಡಿಸಿ ದ್ರಾಕ್ಷಿ ನೆಟ್ಟರು; ಕಾಲಕ್ರಮದಲ್ಲಿ ಸುತ್ತಲೂ ಕಲ್ಲಿನ ಗೋಡೆ ಎಬ್ಬಿಸಿದರು. ಗೋಡೆಯೊಳಗಿನ ನೆಲ ಸುಮಾರು 125 ಎಕರೆ. ಅದೇ ಕ್ಲೋ ದ ವೂಜೋ. ಕ್ಲೋ ಎಂದರೆ ಆವರಣ. 1789ರ ಮಹಾಕ್ರಾಂತಿಯಲ್ಲಿ ಮಠಗಳ ಆಸ್ತಿ ರಾಷ್ಟ್ರದ ಪಾಲಾಯಿತು, ತೋಟ ಮಾರಾಟಕ್ಕೆ ಬಂತು. ಕೆಲಕಾಲ ಅದು ಒಬ್ಬನೇ ಒಡೆಯನ ಕೈಯಲ್ಲಿದ್ದರೂ 1889ರಲ್ಲಿ ಹೋಳಾಯಿತು. ಮಕ್ಕಳಿಗೆಲ್ಲ ಸಮಪಾಲು ಸಲ್ಲಬೇಕೆಂಬ 1804ರ ನೆಪೋಲಿಯನ್ನನ ಸಂಹಿತೆಯೂ ಪಾಲುಗಳನ್ನು ಹೆಚ್ಚಿಸಿತು. ಇಂದು ಅಲ್ಲಿ ಒಡೆಯರು ಸುಮಾರು 80 ಮಂದಿ! ಇಳಿಜಾರಿನ ಮೇಲ್ಭಾಗದಲ್ಲಿ ನೀರು ಬಸಿದುಹೋಗುತ್ತದೆ, ರಸ್ತೆಯ ಕಡೆಯ ತಗ್ಗಿನಲ್ಲಿ ನಿಲ್ಲುತ್ತದೆ. ಆದರೂ ಗೋಡೆಯೊಳಗೆ ಬೆಳೆದದ್ದಕ್ಕೆಲ್ಲ ಆ ಒಂದೇ ಹೆಸರಿನ ಹಕ್ಕುಂಟು. ಒಡೆಯರು ಬದಲಾದರು, ಎಲ್ಲೆ ಕದಲಲಿಲ್ಲ.

ಇನ್ನು ಪಶ್ಚಿಮದ ಬೋರ್ಡೊ. 1855ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನಕ್ಕಾಗಿ ಅಲ್ಲಿಯ ದಲ್ಲಾಳಿಗಳು ಬೆಲೆಯನ್ನು ಆಧರಿಸಿ ತೋಟಗಳಿಗೆ ದರ್ಜೆ ಕಟ್ಟಿದರು. ಕೆಂಪು ಮದ್ಯಕ್ಕೆ ಐದು ದರ್ಜೆಗಳು. ಆದರೆ ಆ ದರ್ಜೆ ಮಣ್ಣಿನ ಎಲ್ಲೆಗಲ್ಲ, ಷಾತೋ ಎಂಬ ಮನೆಯ ಹೆಸರಿಗೆ ಅಂಟಿತು. ಆದಕಾರಣ ದರ್ಜೆಯ ತೋಟವೊಂದು ತನ್ನ ಪ್ರದೇಶದೊಳಗೆ ನೆರೆಯವನ ನೆಲವನ್ನು ಕೊಂಡು ಸೇರಿಸಿಕೊಂಡರೂ ಅದರ ಪದವಿಗೆ ಕುಂದಿಲ್ಲ. 1855ರ ಪಟ್ಟಿಯಲ್ಲಿ ಮೂರನೆಯ ದರ್ಜೆ ಪಡೆದಿದ್ದ ದ್ಯುಬಿನ್ಯೋ ಎಂಬ ತೋಟ ಹೀಗೆಯೇ ನೆರೆಯವರಲ್ಲಿ ಲೀನವಾಯಿತು.

ಈಚಿನ ನಿದರ್ಶನವೂ ಉಂಟು. ಬೋರ್ಡೊ ನಗರದ ಅಂಚಿನಲ್ಲಿ ಓಬ್ರಿಯೋ ಎಂಬ ಮೊದಲ ದರ್ಜೆಯ ತೋಟವಿದೆ. ರಸ್ತೆಯಾಚೆಗೆ ಅದರ ಬಹುಕಾಲದ ಸ್ಪರ್ಧಿ ಲಾ ಮಿಸ್ಯೋ ಓಬ್ರಿಯೋ. ಅದರ ಮಗ್ಗುಲಲ್ಲಿ ಲಾ ತೂರ್ ಓಬ್ರಿಯೋ ಎಂಬ ಚಿಕ್ಕ ತೋಟ. 1983ರಲ್ಲಿ ಓಬ್ರಿಯೋದ ಒಡೆಯರು ಈ ಎರಡನ್ನೂ ಕೊಂಡರು. ಲಾ ಮಿಸ್ಯೋ ತನ್ನ ಹೆಸರನ್ನು ಉಳಿಸಿಕೊಂಡಿತು. ಚಿಕ್ಕ ತೋಟಕ್ಕೆ ಆ ಭಾಗ್ಯವಿರಲಿಲ್ಲ. 2005ರ ಬೆಳೆಯೇ ಅದರ ಹೆಸರಿನ ಕಡೆಯ ಬೆಳೆ. ಬಳಿಕ ಅದು ಲಾ ಮಿಸ್ಯೋದಲ್ಲಿ ಸೇರಿಹೋಯಿತು.

ಬಳ್ಳಿಯನ್ನು ಯಾರೂ ಕೀಳಲಿಲ್ಲ, ಗೋಡೆಯನ್ನು ಯಾರೂ ಕೆಡವಲಿಲ್ಲ. ಸೀಸೆಗೆ ಅಂಟಿಸುವ ಒಂದು ಚೀಟಿಯ ಮುದ್ರಣ ನಿಂತಿತು, ಅಷ್ಟೆ. ಭೂಮಿಯ ಚರಿತ್ರೆ ಬರೆಯುವವನು ರಾಜಶಾಸನಗಳನ್ನು ಹುಡುಕಿದರೆ ಸಾಲದು. ಇಂಥ ಚೀಟಿಗಳನ್ನೂ ಜೋಪಾನವಾಗಿ ತೆಗೆದಿಡಬೇಕು.