ಮಾಳಿಗೆಯ ಮಣ್ಣು: ಎಡೆದೊರೆ ನಾಡಿನ ತಂಪಿನ ಚರಿತ್ರೆ

ಲಿಂಗಸುಗೂರು ಸೀಮೆಯ ಇತಿಹಾಸವನ್ನು ವಿದ್ವಾಂಸರು ಬಹುಮಟ್ಟಿಗೆ ಕಲ್ಲಿನ ಮೇಲಿಂದಲೇ ಓದಿದ್ದಾರೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಗುರುತಿಸಿದ ಮಸ್ಕಿಯ ಅಶೋಕ ಶಾಸನ, ಮುದಗಲ್ಲಿನ ಕೋಟೆ ಇವೇ ಮೊದಲು ನೆನಪಿಗೆ ಬರುವ ಆಕರಗಳು. ಆ ಕೋಟೆಯ ಸುತ್ತಲಿನ ಊರುಗಳಲ್ಲಿ ಜನ ಬಾಳಿದ ಮಣ್ಣಿನ ಮಾಳಿಗೆ ಮನೆಗೆ ಶಾಸನವಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಈ ನಾಡು ಕಂಡುಕೊಂಡಿದ್ದ ಉತ್ತರ ಮಾತ್ರ ಅದರಲ್ಲೇ ಇತ್ತು.

ದಪ್ಪ ಗೋಡೆ, ತೊಲೆ, ಜಂತಿ, ಅವುಗಳ ಮೇಲೆ ಕಟ್ಟಿಗೆಯ ಹಾಸು, ಸೊಪ್ಪು, ಎಲ್ಲಕ್ಕೂ ಮೇಲೆ ಮಣ್ಣಿನ ಮುದ್ದೆ. ಹೊರಪದರಕ್ಕೆ ಸವಳು ಮಣ್ಣನ್ನು ಹುಡುಕಿ ತರುತ್ತಿದ್ದರು. ಬೆಳೆಗೆ ಬಾರದ ಆ ಮಣ್ಣು ಮಾಳಿಗೆಗೆ ಬೆಲೆಯುಳ್ಳದ್ದು. ಅದರಲ್ಲಿನ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸಿ ರಂಧ್ರಗಳನ್ನು ಮುಚ್ಚುವುದರಿಂದ ನೀರು ಸುಲಭವಾಗಿ ಇಳಿಯದು. ಹೊಲಕ್ಕೆ ಶಾಪವಾದದ್ದು ಮನೆಗೆ ವರವಾದ ಬಗೆಯಿದು.

ಇಂಥ ಮನೆ ಶಾಖವನ್ನು ಓಡಿಸುವುದಿಲ್ಲ, ಮುಂದೂಡುತ್ತದೆ. ಸುಮಾರು ಒಂದು ಅಡಿ ದಪ್ಪದ ಮಣ್ಣನ್ನು ಹಾಯಲು ಮಧ್ಯಾಹ್ನದ ಬಿಸಿಗೆ ಎಂಟು ಹತ್ತು ತಾಸು ಬೇಕು. ಅದು ಒಳಮೈಗೆ ತಲುಪುವ ಹೊತ್ತಿಗೆ ಮನೆಮಂದಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿ ಮಲಗಿರುತ್ತಾರೆ. ತೆರೆದ ಬೆಳಕಿಂಡಿಯಿಂದ ಒಳಗಿನ ಕಾವು ಹೊರಹೋಗುತ್ತದೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವುದನ್ನು ಬರಿಯ ಹಳ್ಳಿಯ ರೂಢಿ ಎನ್ನುವಂತಿಲ್ಲ. ಅದಿಲ್ಲದೆ ಈ ಮನೆಯ ಲೆಕ್ಕ ಪೂರ್ತಿಯಾಗದು.

ಶಾಖ ಹಿಡಿದಿಡುವ ವಸ್ತುಗಳನ್ನು ಆಧುನಿಕ ವಿಜ್ಞಾನವೂ ಅರಸಿದೆ. 1948ರಲ್ಲಿ ಅಮೆರಿಕದ ಡೋವರ್‌ನಲ್ಲಿ ಮರಿಯಾ ಟೆಲ್ಕೆಸ್ ಗ್ಲೌಬರ್ ಲವಣವನ್ನು ಬಳಸಿದ್ದು ಮನೆಯನ್ನು ಬೆಚ್ಚಗಿಡಲು. ಸುಮಾರು 32 ಡಿಗ್ರಿಯಲ್ಲಿ ಕರಗುವ ಈ ಲವಣ ಕಿಲೋಗ್ರಾಮಿಗೆ 250 ಕಿಲೋಜೌಲ್‌ನಷ್ಟು ಶಾಖ ಹೀರುತ್ತದೆ; ಅಷ್ಟೇ ತೂಕದ ಒಣಮಣ್ಣು ಹತ್ತು ಡಿಗ್ರಿ ಕಾಯುವಾಗ ಹೀರುವುದು ಹತ್ತಕ್ಕೂ ಕಡಿಮೆ. ಇಂಥ ವಸ್ತುಗಳನ್ನು ಇಂದು ಕಟ್ಟಡಗಳ ತಂಪಿಗೂ ಬಳಸುತ್ತಾರೆ. ಆದರೆ ರಾತ್ರಿ ಮತ್ತೆ ಗಟ್ಟಿಯಾಗದ ಲವಣ ಮರುದಿನ ನಿರುಪಯೋಗಿ. ಬೆಳಕಿಂಡಿ ತೆರೆದವರು ಪಾಲಿಸಿದ್ದೂ ಈ ಷರತ್ತನ್ನೇ.

ಮಾಳಿಗೆಯನ್ನು ಕೊಂಡಾಡುವವರು ಅದರ ಭಾರವನ್ನು ಮರೆಯಬಾರದು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಅತಿವೃಷ್ಟಿಯಲ್ಲಿ ಉತ್ತರ ಕರ್ನಾಟಕದ ಮಣ್ಣಿನ ಮನೆಗಳು ನೆನೆದು ಅಪಾರ ಸಂಖ್ಯೆಯಲ್ಲಿ ಕುಸಿದವು; ಜನ ಅವುಗಳಡಿ ಸಿಲುಕಿ ಸತ್ತರು. ಬಳಿಕ ಆಸರೆ ಯೋಜನೆಯಡಿ ಎದ್ದವು ಕಾಂಕ್ರೀಟ್ ಚಾವಣಿಯ ಮನೆಗಳು. ಮಳೆಯ ಭಯ ನೀಗಿತು. ಆದರೆ ನಾಲ್ಕೈದು ಅಂಗುಲದ ಕಾಂಕ್ರೀಟನ್ನು ಶಾಖ ಮೂರು ತಾಸಿನ ಆಸುಪಾಸಿನಲ್ಲೇ ಹಾಯುತ್ತದೆ. ಹೊಲದಿಂದ ಮರಳಿದವರು ಸಂಜೆ ಫ್ಯಾನು ಹಾಕಿದರೆ ಅದು ಕೆಳಗೆ ತಳ್ಳುವುದು ಆ ಬಿಸಿಯನ್ನೇ.